ಒದ್ದೆ ಸೀರೆಗೆ ಮುನಿಯುತ್ತಿದ್ದ ವ್ಯಾನು

ಇವತ್ತು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಹಳೆಯದೊಂದು ವ್ಯಾನು ಸ್ಟಾರ್ಟ್ ಆಗದೆ ‘ಟಕ್’ ಎಂದು ಸುಮ್ಮನಾಯಿತು. ನನಗೆ ಎಲ್ಲಿಂದಲೋ ಒದ್ದೆ ಸೀರೆಯ ಸೋಪಿನ ವಾಸನೆ ಬಂದಂತಾಯಿತು.

ನನ್ನ ಬಾಲ್ಯದಲ್ಲಿ, ಸಂತೆಯಿಂದ ಸಂತೆಗೆ ಹೋಗಿ ಪಾತ್ರೆ ಮಾರುತ್ತಿದ್ದ ನಮಗೆ ವ್ಯಾನೇ ಮನೆ. ಮಲಗುವ ಚಾಪೆ, ಸ್ಟೌ ಎಲ್ಲ ಅದರಲ್ಲೇ. ಕೆಲವು ದಿನ ಬೆಳಿಗ್ಗೆ ಅದು ಸ್ಟಾರ್ಟೇ ಆಗುತ್ತಿರಲಿಲ್ಲ. ಮಧ್ಯಾಹ್ನ ಏನೂ ಆಗದಂತೆ ಹೊರಡುತ್ತಿತ್ತು. ಅಪ್ಪ ಬ್ಯಾಟರಿ ಬದಲಿಸಿದ, ಇಂಜಿನ್ನು ತಿರುಗಿಸುವ ಸೆಲ್ಫ್ ಮೋಟಾರು ಬಿಚ್ಚಿಸಿದ. ಕಾಯಿಲೆ ಮಾತ್ರ ಹೋಗಲಿಲ್ಲ.

ಒಮ್ಮೆ ಯಳಂದೂರಿನಲ್ಲಿ ಸಂತೆಯ ದಿನ ಬೆಳಿಗ್ಗೆಯೇ ಅದು ಮುನಿಸಿಕೊಂಡಿತು. ಅವ್ವ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದಳು.

“ನಾನು ಬಟ್ಟೆ ಒಗ್ದಾಗ್ಲೇ ಕಣ್ರಿ ಇದು ಕೈ ಕೊಡೋದು. ಒಣಗುದ್ ಮ್ಯಾಲೆ ಸರಿಯಾಯ್ತದೆ.”

“ಸೀರೆಗೂ ಸೆಲ್ಫ್‌ಗೂ ಏನಮ್ಮಿ ಸಂಬಂಧ?”

ನಗುತ್ತಲೇ ಬಟ್ಟೆ ಒಣಹಾಕಿದ್ದ ಹಗ್ಗದ ಜಾಡು ಹಿಡಿದು ಹೋದ ಅಪ್ಪ, ಬಂಪರಿನ ಕೆಳಗೆ ಬಗ್ಗಿ ನೋಡಿದ. ಹಗ್ಗದ ತುದಿಯನ್ನು ಅವ್ವ ಕಟ್ಟುತ್ತಿದ್ದುದು ಬ್ಯಾಟರಿಯ ಅರ್ಥ್ ವೈರನ್ನು ವ್ಯಾನಿನ ಮೈಗೆ ಬಿಗಿದಿದ್ದ ಬೋಲ್ಟಿಗೆ! ಒದ್ದೆ ಬಟ್ಟೆಯ ಭಾರಕ್ಕೆ ಸಡಿಲ ಬೋಲ್ಟು ಜಗ್ಗಿ, ವೈರು ಬಿಟ್ಟುಕೊಂಡು ಸೆಲ್ಫ್‌ಗೆ ಕರೆಂಟೇ ಸಿಗುತ್ತಿರಲಿಲ್ಲ; ಬಟ್ಟೆ ಒಣಗಿ ಹಗುರಾದರೆ ಮತ್ತೆ ಕೂಡಿಕೊಳ್ಳುತ್ತಿತ್ತು.

“ನೀನೇ ಕೆಡಿಸ್ದೆ, ನೀನೇ ಕಂಡಿಡ್ದೆ ಕಣಮ್ಮಿ” ಎನ್ನುತ್ತ ಅಪ್ಪ ಬೋಲ್ಟು ಬಿಗಿದ. ಸಂತೆ ತುಂಬುವ ಮೊದಲೇ ಅವಳ ಹಗ್ಗ ಕಟ್ಟಲು ವ್ಯಾನಿಗೊಂದು ಬೇರೆ ಕೊಕ್ಕೆಯನ್ನೂ ಹಾಕಿಸಿದ.

ಇವತ್ತು ಸ್ಟ್ಯಾಂಡಿನ ಹತ್ತಿರ ಆ ವ್ಯಾನಿನವನು ಬ್ಯಾಟರಿಗೆ ಬೈಯುತ್ತಿದ್ದ. ಹತ್ತಿರ ಹೋಗಿ, ಸೊಂಟದ ಮೇಲೆ ಕೈಯಿಟ್ಟು ಕೇಳಿದೆ: “ಇದು ಯಾವ್ಯಾವಾಗ ಕೈ ಕೊಡ್ತದಣ್ಣ?”