ಸಭೆ ಶುರು ಮಾಡಿದ ‘ಮನೆಯವರು’

ಶಿಡ್ಲಘಟ್ಟದ ಕೃಪಾ ಪ್ರಾರ್ಥನಾ ಮಂದಿರ ಯಾವ ಮಿಷನ್ನಿಗೂ ಸೇರಿದ್ದಲ್ಲ. ಅದಕ್ಕೆ ಮೂವತ್ತು ವರ್ಷ ತುಂಬಿತೆಂದು ಪಾಸ್ಟರ್ ಮುನೇಶ್ ಚರಿತ್ರೆಯ ಪುಸ್ತಕ ಅಚ್ಚು ಹಾಕಿಸಲು ಹೊರಟಿದ್ದರು. ಟೈಪ್ ಮಾಡಿದವಳು ಕಾಲೇಜು ಓದುವ ತನುಜ. ಭಾನುವಾರ ಆರಾಧನೆ ಮುಗಿದು, ಎಲ್ಲರೂ ಉಂಡ ಮೇಲೆ ಅಕ್ಕಯಮ್ಮ ಹಿತ್ತಲಲ್ಲಿ ಅನ್ನದ ಡಬರಿ ತಿಕ್ಕುತ್ತಿದ್ದಾಗ ತನುಜ ಅವಳಿಗೆ ಮೊದಲ ಸಾಲು ಓದಿ ಹೇಳಿದಳು: “ಸಹೋದರ ಮುನಿಶಾಮಿಯವರೂ ಅವರ ಮನೆಯವರೂ ಈ ಸಭೆಯನ್ನು ಆರಂಭಿಸಿದರು.”

“ಮನೆಯವರು ಅಂದ್ರೆ ಯಾರಮ್ಮ?”

“ನೀವೇ ಅಜ್ಜಿ.”

“ಆವತ್ತು ನಮ್ ಯಜಮಾನ್ರು ಬಾಗಿಲಾಚೆ ಬೀಡಿ ಸೇದ್ತಾ, ಇವಕ್ಕೆಲ್ಲ ತಲೆ ಕೆಟ್ಟಿದೆ ಅಂತಿದ್ರು ಕಣಮ್ಮ.”

ಆಗ ಅಕ್ಕಯಮ್ಮ ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದಳು. ದಿನವಿಡೀ ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನ ಎಳೆ ಹುಡುಕುವ, ಅವಳೂ ಸೇರಿ ನಾಲ್ವರು ಹೆಂಗಸರು, ತಂತಮ್ಮ ಒಲೆ ಹಚ್ಚುವ ಮೊದಲು ಅವಳ ಅಡುಗೆಕೋಣೆಯಲ್ಲಿ ಕಾಲು ಗಂಟೆ ಪ್ರಾರ್ಥಿಸುತ್ತಿದ್ದರು. ಮುನಿಶಾಮಿ ಒಳಗೆ ಬಂದು ಕೂತದ್ದು ನಾಲ್ಕು ವರ್ಷದ ನಂತರ.

ಅಕ್ಕಯಮ್ಮ ಕೈ ಒರೆಸಿಕೊಂಡು ಪಾಸ್ಟರ ಬಳಿ ಹೋಗಿ, ಸಭೆ ಶುರು ಮಾಡಿದ್ದು ನಾವು ನಾಲ್ವರು ಹೆಂಗಸರು ಎಂದಳು.

“ಯಾರು ಮಾಡಿದ್ರು ಅಂತ ದೇವರಿಗೆ ಗೊತ್ತಲ್ಲಮ್ಮ,” ಎಂದರು ಅವರು.

“ದೇವರಿಗೆ ಗೊತ್ತಿದ್ರೆ ಸಾಕು ಅಂದ್ರೆ ಪುಸ್ತಕ ಯಾಕೆ ಅಯ್ಯನೋರೆ?”

ಬೆಂಚಿನ ಮೇಲಿದ್ದ ಮುನಿಶಾಮಿ ನಕ್ಕುಬಿಟ್ಟ. “ಅವಳು ಹೇಳಿದ್ದೇ ನಿಜ. ನನ್ನ ಹೆಸರು ತೆಗೀರಿ.”

ಪಾಸ್ಟರ್ ಒಪ್ಪಿದರು. ನಾಲ್ವರ ಹೆಸರೂ ಬೇಕು, ಮಂಗಳವಾರ ಪ್ರೆಸ್ಸಿಗೆ ಕೊಡಬೇಕು ಎಂದರು.

“ನಾನು, ವೆಂಕಟರತ್ನಮ್ಮ, ಪಿಳ್ಳಮ್ಮ, ವೆಂಕಟರವಣಪ್ಪನ ಮನೆಯವರು…” ಅಕ್ಕಯಮ್ಮ ತಡವರಿಸಿದಳು. ನಾಲ್ಕನೆಯವಳು ಒಂಬತ್ತು ವರ್ಷ ಅವಳ ಪಕ್ಕದಲ್ಲೇ ನೂಲು ತೆಗೆದವಳು. ಎಲ್ಲರೂ ಅವಳನ್ನು ‘ವೆಂಕಟರವಣಪ್ಪನ ಮನೆಯವರು’ ಎನ್ನುತ್ತಿದ್ದರು. ಅಕ್ಕಯಮ್ಮನೂ ಹಾಗೇ ಅಂದಿದ್ದಳು. ಹೆಸರು ಕೇಳಿರಲೇ ಇಲ್ಲ.

“ಹಂಗೇ ಹಾಕ್ಲಾ ಅಜ್ಜಿ?” ಎಂದಳು ತನುಜ.

ಅಕ್ಕಯಮ್ಮನಿಗೆ ನಾಚಿಕೆಯಾಯಿತು. “ಬೇಡ. ನಾಳೆ ಹೇಳ್ತೀನಿ.”

ಮರುದಿನ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಆ ನಾಲ್ಕನೆಯವಳು ಈಗಿರುವ ಮಂಡಿಕಲ್ಲಿಗೆ ಹೋದಳು. ಹಳೆಯ ಗೆಳತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

“ನಿನ್ ಹೆಸರೇನೇ?”

“ಒಂಬತ್ತು ವರ್ಷ ನನ್ನ ಬುತ್ತೀಲಿ ಮುದ್ದೆ ತಿಂದು ಈಗ ಕೇಳ್ತೀಯಾ?”

“ತಪ್ಪಾಯ್ತು ಕಣೇ. ಹೇಳು.”

“ರಾಮಲಕ್ಷ್ಮಮ್ಮ.”

ಅಕ್ಕಯಮ್ಮ ಅಲ್ಲಿಂದಲೇ ತನುಜಳಿಗೆ ಫೋನು ಮಾಡಿ ಹೆಸರು ಬರೆಸತೊಡಗಿದಳು. ರಾಮಲಕ್ಷ್ಮಮ್ಮ ಅವರೆಕಾಯಿ ಕೆಳಗಿಟ್ಟು ಹತ್ತಿರ ಸರಿದು, ಫೋನಿಗೆ ಬಾಯಿ ಹಚ್ಚಿ ಕೂಗಿದಳು:

“ಒತ್ತು ಸರಿಯಾಗಿ ಹಾಕಮ್ಮ, ಎಲ್ರೂ ತಪ್ಪು ಬರೀತಾರೆ!”