ಶುಕ್ರವಾರ ಮಾಡಬೇಕಿದ್ದ ಫೋನು

ನಮ್ಮ ಬಿಲ್ಡಿಂಗಿನವರಿಗೆ ಬಾವಲಿ ಎಂದರೆ ಜೀವ ಬಾಯಿಗೆ ಬರುತ್ತದೆ. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಹತ್ತು ನಿಮಿಷ ದೂರದ, ನಾಲ್ಕು ಮಹಡಿಯ ಹಳೆಯ ಕಟ್ಟಡ. ಕಾಂಪೌಂಡಿನಲ್ಲೊಂದು ಕಾಡುಬಾದಾಮಿ ಮರವಿದೆ. ಸಂಜೆಯಾದರೆ ಬಾವಲಿಗಳು ಬಂದು, ಅರ್ಧ ತಿಂದ ಕಾಯಿಯನ್ನು ಕಾರುಗಳ ಮೇಲೆ ಉದುರಿಸಿ ಹೋಗುತ್ತವೆ. ಆ ವರ್ಷ ಎರಡನೇ ಮಹಡಿಯ ಸಂಸಾರವೊಂದು ರಜೆಗೆ ಕೇರಳಕ್ಕೆ ಹೋಗಿ ಬಂತು, ಬಂದ ವಾರವೇ ಅವರ ಮಗನಿಗೆ ಜ್ವರ. ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಬಾವಲಿಯಿಂದ ಬರುವ ‘ನಿಪಾ’ ಜ್ವರ ಎಂದು ಬರೆದರು. ಸಾಕಾಯಿತು. ಅವರ ಮನೆಗೆ ಕೆಲಸದವಳು ಬರುವುದನ್ನು ಬಿಟ್ಟಳು, ಹಾಲಿನವನು ಪ್ಯಾಕೆಟ್ಟನ್ನು ಗೇಟಿನಲ್ಲೇ ಇಟ್ಟು ಹೋದ, ಮೆಟ್ಟಿಲಿನಲ್ಲಿ ಅವರು ಎದುರಾದರೆ ಜನ ಗೋಡೆಗೆ ಅಂಟಿಕೊಂಡು ನಿಂತರು. ಕೊನೆಗೆ ನೋಡಿದರೆ ಹುಡುಗನಿಗೆ ಆಗಿದ್ದು ಟಾನ್ಸಿಲ್. ಗೋಡೆಗೆ ಅಂಟಿಕೊಂಡವರಲ್ಲಿ ನಾನೂ ಇದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಮುಂದೆ ಮಾಡಿದ್ದು ನಿಮಗೆ ಅರ್ಥವಾಗುವುದಿಲ್ಲ.

ಇದಾಗಿ ಎರಡು ತಿಂಗಳಿಗೆ ನನ್ನ ಮಗಳ ಸೀಮಂತ. ಅಳಿಯ ಮರಾಠಿಯವನು, ಬೀಗರ ಮನೆ ಠಾಣೆಯಲ್ಲಿ. ಬೀಗಿತ್ತಿ ಒಳ್ಳೆಯ ಹೆಂಗಸೇ, ಆದರೆ ಹೊರಗಿನಿಂದ ಬಂದವರ ಕೈಗೆ ಸ್ಯಾನಿಟೈಸರ್ ಸುರಿಯದೆ ಒಳಗೆ ಬಿಡುವವರಲ್ಲ. ಅವರೆದುರು ನಮ್ಮ ಕಡೆಯದು ಯಾವುದೂ ಕಡಿಮೆ ಕಾಣಬಾರದು ಎಂದು ನನಗೊಂದು ಹುಚ್ಚು. ಭಾನುವಾರಕ್ಕೆ ಹಾಲ್ ಬುಕ್ ಮಾಡಿದ್ದಾಯಿತು. ಅಬ್ಬಲಿಗೆ ದಂಡೆ ಕಟ್ಟಲು ಊರಿನಿಂದ ಚಿಕ್ಕಮ್ಮನನ್ನು ಕರೆಸಿದೆ. ಅಮ್ಮ ಹೋದ ಮೇಲೆ ನನಗೆ ತವರು ಅಂತ ಉಳಿದಿದ್ದರೆ ಅದು ಈ ಚಿಕ್ಕಮ್ಮ ಒಬ್ಬಳೇ. ಹೊನ್ನಾವರದಿಂದ ಒಳಗೆ, ಘಟ್ಟದ ಬುಡದಲ್ಲಿ ಅವಳ ಮನೆ. ಬುಧವಾರ ಬೆಳಿಗ್ಗೆ ಠಾಣೆ ಸ್ಟೇಷನ್ನಿನಲ್ಲಿ ಅವಳನ್ನು ಇಳಿಸಿಕೊಂಡೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಹೂವಿನ ಬುಟ್ಟಿಯನ್ನು ಪೋರ್ಟರನಿಗೂ ಕೊಡದೆ ತಾನೇ ಹೊತ್ತಿದ್ದಳು.

ಅವತ್ತು ಸಂಜೆ ಲಾಡು ಕಟ್ಟುತ್ತಾ ಕುಳಿತಾಗ ಮಂಗನ ವಿಷಯ ಹೇಳಿದಳು. ಹೊರಡುವ ಎರಡು ದಿನ ಮೊದಲು, ಅವಳ ಮನೆಯಾಚೆ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಹಲಸಿನ ಮರದ ಕೆಳಗೆ ಮಂಗವೊಂದು ಸತ್ತು ಬಿದ್ದಿತ್ತಂತೆ. ಇವಳು ಹೋಗಿ, ಹೊಸ ರವಿಕೆ ಕಣ ಹೊದಿಸಿ, ಕುಂಕುಮ ಇಟ್ಟು, ದಾಸವಾಳ ಹಾಕಿ, ಕರ್ಪೂರ ಹಚ್ಚಿ ಬಂದಿದ್ದಳು. ನಮ್ಮ ಕಡೆ ಹಾಗೇ. ಸತ್ತ ಮಂಗನನ್ನು ಯಾರೂ ಹಾಗೇ ದಾಟಿ ಹೋಗುವುದಿಲ್ಲ.

“ನಾಯಿ ಎಳ್ಕಂಡು ಹೋಗ್ಲಿ ಅಂತ ಬಿಡೂಕಾಗ್ತದ್ಯಾ ಮಾರಾಯ್ತಿ, ಹನುಮಂತ ಅಲ್ದಾ,” ಎಂದಳು.

“ಮಂಗ ಸತ್ರೆ ಆಸ್ಪತ್ರೆಯವರಿಗೆ ಹೇಳ್ಬೇಕು ಅಂತಾರಲ್ಲ,” ಎಂದೆ ನಾನು.

“ಹೇಳ್ಬೇಕು. ಹೊರಡೂ ಗಡಿಬಿಡೀಲಿ ಆಗ್ಲಿಲ್ಲ.”

ಅಲ್ಲಿಗೆ ಮಾತು ಮುಗಿಯಿತು. ಲಾಡಿನ ಪಾಕ ಗಟ್ಟಿಯಾಗುತ್ತಿತ್ತು, ನಮಗೆ ಅದೇ ದೊಡ್ಡದಾಗಿತ್ತು.

ಶುಕ್ರವಾರ ಮಧ್ಯಾಹ್ನ ಚಿಕ್ಕಮ್ಮನಿಗೆ ಜ್ವರ ಏರಿತು. ಮೊದಲು ತಲೆನೋವು ಎಂದಳು, ಆಮೇಲೆ ಸೊಂಟ, ಆಮೇಲೆ ಕಣ್ಣು ಬಿಡಲಿಕ್ಕೇ ಆಗುವುದಿಲ್ಲ ಎಂದಳು. ಮೈ ಒರೆಸುವಾಗ ಮೊಣಕಾಲಿನ ಹಿಂದೆ ಕೆಂಪಗೆ ಒಂದು ಗುರುತು ಕಂಡಿತು. ದನದ ಮೈಗೆ ಕಚ್ಚಿಕೊಂಡಿರುತ್ತದಲ್ಲ ಉಣ್ಣೆ, ಅದು ಕಚ್ಚಿದ್ದು. ರೈಲಿನಲ್ಲಿ ತಾನೇ ಕಿತ್ತು ಬಿಸಾಡಿದೆ ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮಂಗನ ಕಾಯಿಲೆ ಎಂದರೆ ಏನೆಂದು ಘಟ್ಟದ ಬುಡದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸತ್ತ ಮಂಗನ ಮೈಯಿಂದ ಉಣ್ಣೆಗಳು ನೆಲಕ್ಕಿಳಿಯುತ್ತವೆ, ತರಗೆಲೆಯಲ್ಲಿ ಕೂತು ಆ ದಾರಿಯಲ್ಲಿ ಬರುವ ಕಾಲುಗಳಿಗೆ ಹತ್ತುತ್ತವೆ. ರೋಗ ಬರುವುದು ಅವು ಕಚ್ಚಿದರೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇದೂ ನನಗೆ ಗೊತ್ತಿತ್ತು.

ಚಿಕ್ಕಮ್ಮ ತನ್ನ ಸಣ್ಣ ಮೊಬೈಲನ್ನು ನನ್ನ ಕೈಗೆ ತುರುಕಿದಳು. “ಆಚೆಮನೆಯವಳಿಗೆ ಒಂದು ಫೋನ್ ಮಾಡು. ದಿನಾ ಬೆಳಿಗ್ಗೆ ಅದೇ ಮರದಡಿಗೆ ತರಗೆಲೆ ಗುಡಿಸೂಕೆ ಹೋಗ್ತಾಳೆ, ಕೊಟ್ಟಿಗೆಗೆ ಹಾಕೂಕೆ. ಆ ಬದಿಗೆ ಹೋಗೂದೇ ಬೇಡ ಹೇಳು. ಆಸ್ಪತ್ರೆಯವರಿಗೂ ತಿಳಿಸೂಕೆ ಹೇಳು, ಕಾಲಿಗೆ ಹಚ್ಚೂ ಎಣ್ಣೆ ಕೊಡ್ತಾರೆ. ಮರೀಬೇಡ.”

“ಮಾಡ್ತೇನೆ, ನೀನು ಮಲಗು,” ಎಂದೆ.

ಎರಡು ನಿಮಿಷದ ಕೆಲಸ. ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ಆಮೇಲೆ ನನ್ನನ್ನೇ ಸಾವಿರ ಸಲ ಕೇಳಿದ್ದೇನೆ, ಉತ್ತರವೇನೂ ಕಷ್ಟದ್ದಲ್ಲ. ನಮ್ಮೂರಿನ ಅರ್ಧ ಜನ ಇಲ್ಲೇ ಇದ್ದಾರೆ. ಡೊಂಬಿವಲಿ, ಕಲ್ಯಾಣ, ಕಾಮೋಠೆ ಎಂದು ಹೋಟೆಲುಗಳಲ್ಲಿ ಹರಡಿಕೊಂಡಿದ್ದಾರೆ, ಅವರದೊಂದು ವಾಟ್ಸಾಪ್ ಗ್ರೂಪಿದೆ. ಆಚೆಮನೆಯಾಕೆಗೆ ಹೇಳಿದರೆ ಅದು ಒಂದು ಗಂಟೆಯಲ್ಲಿ ಊರೆಲ್ಲ ಆಗಿ ಈ ಗ್ರೂಪಿಗೆ ಬಂದು ಬೀಳುತ್ತದೆ. ಆ ಗ್ರೂಪಿನವರೊಬ್ಬರು ನಮ್ಮ ಬಿಲ್ಡಿಂಗಿನ ಮೊದಲ ಮಹಡಿಯಲ್ಲೇ ಇದ್ದಾರೆ. ಅವರಿಂದ ಸೊಸೈಟಿಗೆ, ಸೊಸೈಟಿಯಿಂದ ಠಾಣೆಗೆ. ಟಾನ್ಸಿಲ್ ಆದ ಹುಡುಗನನ್ನೇ ಹಾಗೆ ಮಾಡಿದ ಜನ, ‘ಮಂಗನ ಕಾಯಿಲೆ’ ಎಂದರೆ ಬಿಡುತ್ತಾರೆಯೇ? ಸೀಮಂತಕ್ಕೆಂದು ಬಂದ ಬಸುರಿ ಮಗಳು ನಮ್ಮ ಮನೆಯಲ್ಲೇ ಇದ್ದಾಳೆ, ಬೀಗಿತ್ತಿ ಸೀಮಂತವನ್ನೇ ನಿಲ್ಲಿಸುತ್ತಾರೆ. ಭಾನುವಾರ ಒಂದು ಕಳೆಯಲಿ, ಆಮೇಲೆ ಎಲ್ಲರಿಗೂ ಹೇಳೋಣ ಅಂದುಕೊಂಡೆ.

ನನ್ನ ಗಂಡ ಕಲ್ಯಾಣದಲ್ಲಿ ಹೋಟೆಲ್ ಮ್ಯಾನೇಜರು, ಹೆಚ್ಚು ಮಾತಿನವರಲ್ಲ. ಅವರೂ ಅವತ್ತು, “ಫೋನ್ ಮಾಡಿಬಿಡೇ, ಆಮೇಲೆ ತಲೆಬಿಸಿ ಬೇಡ,” ಎಂದರು.

“ನಿಮಗೇನು, ಬೀಗರ ಎದುರು ತಲೆ ತಗ್ಗಿಸೋಳು ನಾನು,” ಎಂದು ಹಾರಿಬಿದ್ದೆ.

ಶನಿವಾರ ಬೆಳಿಗ್ಗೆ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಚಿಕ್ಕಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಡಾಕ್ಟರಿಗೂ ಅವಳಿಗೂ ನಡುವೆ ಇದ್ದವಳು ನಾನು ಒಬ್ಬಳೇ. ಡಾಕ್ಟರು ಒಳ್ಳೆಯವರು, ಆತುರ ಮಾಡಲಿಲ್ಲ. “ಗಾಂವ್ ಸೇ ಆಯೀ ಹೈ ಕ್ಯಾ? ಜಂಗಲ್, ಖೇತೀ, ಜಾನವರ್, ಐಸಾ ಕುಛ್?” ಎಂದು ತಾವಾಗಿಯೇ ಕೇಳಿದರು, ಹಳ್ಳಿಯಿಂದ ಬಂದವಳೇ, ಕಾಡು, ಗದ್ದೆ, ಪ್ರಾಣಿಗಳ ಹತ್ತಿರ ಹೋಗಿದ್ದಳೇ ಎಂದು.

“ನಹೀ ಡಾಕ್ಟರ್, ಮಂಗ್ಳೂರ್ ಸೇ. ಸಿಟೀ,” ಎಂದೆ.

“ಎಂತ ಕೇಳಿದ್ರು?” ಎಂದಳು ಚಿಕ್ಕಮ್ಮ.

“ಊಟ ಸರಿಯಾಗಿ ಮಾಡ್ತಾರಾ ಅಂತ.”

“ಗಂಜಿ ಕುಡದೆ ಅಂತ ಹೇಳು,” ಎಂದಳು ಪಾಪ, ಕಣ್ಣು ಮುಚ್ಚಿಕೊಂಡೇ.

ನಾನು ಬೇಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಅರ್ಜಿ ನೋಡುವ ಗುಮಾಸ್ತೆ. ಒಂದು ಕಾಲಮ್ ಖಾಲಿ ಬಿಟ್ಟಿದ್ದರೆ ಪನವೇಲದಿಂದ ಬಂದ ಮುದುಕರನ್ನೂ ವಾಪಸ್ಸು ಕಳಿಸಿದ್ದೇನೆ. ಮಾಹಿತಿ ಮುಚ್ಚಿಟ್ಟರೆ ನೀವೇ ಹೊಣೆ ಎಂದು ಗದರಿದ್ದೇನೆ. ಇಲ್ಲಿ ಡಾಕ್ಟರು ಕಾಲಮ್ಮನ್ನೇ ಎತ್ತಿ ಮುಖಕ್ಕೆ ಹಿಡಿದರು, ನಾನು ಸುಳ್ಳು ತುಂಬಿ ಕೊಟ್ಟೆ. ಅವರು ಮಲೇರಿಯಾ, ಡೆಂಗಿಗೆ ರಕ್ತ ತೆಗೆಸಿ, ಜ್ವರದ ಮಾತ್ರೆ ಬರೆದು ಕಳಿಸಿದರು. ಎರಡೂ ಇಲ್ಲ ಎಂದು ಸಂಜೆ ರಿಪೋರ್ಟ್ ಬಂದಾಗ ನನಗೆ ಖುಷಿಯಾಗಬಾರದಿತ್ತು, ಆಯಿತು.

ಭಾನುವಾರ ಸೀಮಂತ ಚೆನ್ನಾಗಿ ನಡೆಯಿತು. ಹೆಂಗಸರ ಕಾರ್ಯಕ್ರಮ ಎಂಬ ನೆಪ ಸಿಕ್ಕಿತು, ಗಂಡ ಮನೆಯಲ್ಲಿ ಚಿಕ್ಕಮ್ಮನ ಹತ್ತಿರ ಉಳಿದರು. ಜ್ವರ ಬರುವ ಮೊದಲೇ ಅವಳು ಕಟ್ಟಿ ಫ್ರಿಜ್ಜಿನಲ್ಲಿಟ್ಟ ದಂಡೆಯನ್ನು ಮಗಳ ಜಡೆಗೆ ಮುಡಿಸಿದಾಗ ಎಲ್ಲರೂ ಫೋಟೋ ತೆಗೆದುಕೊಂಡರು. ಕಟ್ಟಿದವರು ಎಲ್ಲಿ ಎಂದು ಬೀಗಿತ್ತಿ ಪ್ರೀತಿಯಿಂದಲೇ ವಿಚಾರಿಸಿದರು. “ಪ್ರವಾಸಾನೆ ಥಕಲೀ ಆಹೇ,” ಎಂದೆ ಮರಾಠಿಯಲ್ಲಿ, ಪ್ರಯಾಣದಿಂದ ಸುಸ್ತಾಗಿದೆ ಎಂದು. ನನಗೆ ಮೂರು ಭಾಷೆ ಬರುತ್ತದೆ, ಮೂರರಲ್ಲೂ ಸುಳ್ಳು ಸಲೀಸಾಗಿ ಬಂತು.

ಸಂಜೆ ಮನೆಗೆ ಬಂದಾಗ ಚಿಕ್ಕಮ್ಮನ ಒಸಡಿನಿಂದ ರಕ್ತ ಬರುತ್ತಿತ್ತು. ಕಲ್ಯಾಣದ ದೊಡ್ಡ ಆಸ್ಪತ್ರೆಗೆ ಸೇರಿಸಿ, ಅಲ್ಲಿಯ ಡ್ಯೂಟಿ ಡಾಕ್ಟರಿಗೆ ಎಲ್ಲ ಹೇಳಿದೆ: ಮಂಗ, ಉಣ್ಣೆ, ಘಟ್ಟದ ಬುಡ. ನನ್ನ ಮಗಳ ವಯಸ್ಸಿನ ಹುಡುಗಿ ಆಕೆ. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ನೋವಿನ ಮಾತ್ರೆ ಏನಾದರೂ ಕೊಟ್ಟಿರಾ ಎಂದು ಕೇಳಿದಳು, ರಕ್ತವನ್ನು ಪುಣೆಯ ವೈರಸ್ ಲ್ಯಾಬಿಗೆ ಕಳಿಸುವ ಏರ್ಪಾಟು ಮಾಡಿದಳು, ಸಲೈನ್ ಹಾಕಿಸಿದಳು. ಆಮೇಲೆ ಒಂದೇ ಪ್ರಶ್ನೆ: “ಊರಲ್ಲಿ ಆ ಜಾಗಕ್ಕೆ ಬೇರೆ ಯಾರು ಹೋಗ್ತಾರೆ? ಅವರಿಗೆ ತಿಳಿಸಿದ್ದೀರಾ?” ಹಿಂದಿಯಲ್ಲಿ ಕೇಳಿದಳು. ಹಾಂ ಎಂದೆ.

ಹೇಳಿದ ಸುಳ್ಳಿಗೆ ಒಂದು ಗುಣವಿದೆ. ಹೇಳಿಬಿಟ್ಟ ಮೇಲೆ ಆ ಕೆಲಸ ಆಗಿಯೇಹೋಯಿತು ಎಂದು ಮನಸ್ಸು ನಂಬಿಬಿಡುತ್ತದೆ. ಸೋಮವಾರ ಪ್ಲೇಟ್ಲೆಟ್ ಇಳಿಯಿತು, ಚಿಕ್ಕಮ್ಮ ಜ್ವರದಲ್ಲಿ ಬಡಬಡಿಸತೊಡಗಿದಳು, ನಾನು ರಜೆ ಹಾಕಿ ಬೆಂಚಿನ ಮೇಲೆ ಕೂತೆ. ಇವಳು ಉಳಿದರೆ ಸಾಕು ಎಂಬ ಒಂದೇ ಧ್ಯಾನ. ಮಂಗಳವಾರ ಸ್ವಲ್ಪ ತಿಳಿವು ಬಂದಾಗ ಅವಳೂ ಅದನ್ನೇ ಕೇಳಿದಳು. “ಆಚೆಮನೆಯವಳಿಗೆ ಹೇಳಿದ್ಯಾ?”

“ಹೇಳ್ದೆ ಚಿಕ್ಕಮ್ಮ, ಅವತ್ತೇ ಹೇಳ್ದೆ.”

“ಹಂಗಾರೆ ಅಡ್ಡಿಲ್ಲ,” ಎಂದು ನಿದ್ದೆ ಹೋದಳು.

ಫೋನ್ ಮಾಡಿದ್ದು ಗುರುವಾರ, ಕಾಯಿಲೆ ಅದೇ ಎಂದು ಡಾಕ್ಟರು ಖಚಿತವಾಗಿ ಹೇಳಿದ ಮೇಲೆ. ಎತ್ತಿದ್ದು ಆಚೆಮನೆಯಾಕೆಯಲ್ಲ, ಅವಳ ಮಗಳು. ಗಂಡನ ಮನೆಯಿಂದ ಅವತ್ತೇ ಬಂದಿದ್ದಳಂತೆ. ಅಮ್ಮನಿಗೆ ನಿನ್ನೆಯಿಂದ ವಿಪರೀತ ಜ್ವರ, ತಲೆ ಎತ್ತುವುದಿಲ್ಲ ಎಂದಳು. ಆಗ ಹೇಳಿದೆ ಎಲ್ಲವನ್ನೂ, ಉಸಿರು ಬಿಡದೆ. ಅವರು ಅವತ್ತೇ ಆಸ್ಪತ್ರೆಗೆ ಹೋದರು. ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹತ್ತು ದಿನದಲ್ಲಿ ಆಕೆ ತೀರಿಕೊಂಡಳು. ನಾನು ಸಣ್ಣವಳಿದ್ದಾಗ ಬೇಸಿಗೆ ರಜೆಯಲ್ಲಿ ನನಗೆ ಹುಣಸೆಹಣ್ಣು ಉಪ್ಪು ಕುಟ್ಟಿ ಕಡ್ಡಿಗೆ ಚುಚ್ಚಿ ಕೊಡುತ್ತಿದ್ದ ಹೆಂಗಸು.

ಆಕೆಗೆ ಉಣ್ಣೆ ಯಾವ ದಿನ ಕಚ್ಚಿತೋ ಯಾರಿಗೆ ಗೊತ್ತು. ಶುಕ್ರವಾರಕ್ಕೆ ಮುಂಚೆಯೇ ಕಚ್ಚಿರಬಹುದು, ಆಗ ನನ್ನ ಫೋನಿನಿಂದ ಏನೂ ಆಗುತ್ತಿರಲಿಲ್ಲ. ಹೀಗೆ ದಿನ ಎಣಿಸಿ ನನ್ನನ್ನು ಬಿಡಿಸಿಕೊಳ್ಳಲು ಬಹಳ ಸಲ ನೋಡಿದ್ದೇನೆ. ಆದರೆ ಶನಿವಾರವೂ, ಭಾನುವಾರವೂ, ಸೋಮವಾರವೂ ಆಕೆ ಬುಟ್ಟಿ ಹಿಡಿದು ಆ ಮರದಡಿಗೆ ಹೋಗಿದ್ದಳು. ಅದನ್ನು ಅವಳ ಮಗಳೇ ಹೇಳಿದಳು. ನಾನು ಬೀಗಿತ್ತಿಗೆ ಲಾಡು ಬಡಿಸುತ್ತಿದ್ದ ದಿನವೂ ಹೋಗಿದ್ದಳು.

ಚಿಕ್ಕಮ್ಮ ಉಳಿದಳು. ಮನೆಗೆ ಬಂದ ಮೇಲೆ ಮತ್ತೊಮ್ಮೆ ಜ್ವರ ಬಂತು, ಕೈ ನಡುಗತೊಡಗಿತು, ಲೋಟ ಹಿಡಿಯಲು ಎರಡು ಕೈ ಬೇಕಾಯಿತು. ಬಿಲ್ಡಿಂಗಿನಲ್ಲಿ ವಿಷಯ ಗೊತ್ತಾಯಿತು. ನಾಲ್ಕು ದಿನ ಗುಸುಗುಸು ಎಂದರು, ಆಮೇಲೆ ಮರೆತರು. ಬೀಗಿತ್ತಿ ಮಾತ್ರ ಎಳನೀರು ಹಿಡಿದುಕೊಂಡು ಬಂದು, “ಮೊದಲೇ ಹೇಳಬಾರದಿತ್ತಾ, ಒಂದು ವಾರ ಮುಂದೆ ಹಾಕ್ತಿದ್ವಲ್ಲ,” ಎಂದು ಮರಾಠಿಯಲ್ಲಿ ಮರುಗಿದರು. ಅಷ್ಟೇ ಆಗುತ್ತಿದ್ದದ್ದು. ನಾನು ಹೆದರಿದ್ದು ಇಷ್ಟಕ್ಕೆ.

ಆಚೆಮನೆಯಾಕೆ ಹೋದ ಸುದ್ದಿಯನ್ನು ಚಿಕ್ಕಮ್ಮನಿಗೆ ಮೂರು ವಾರದ ನಂತರ ಹೇಳಿದೆ. ಬಹಳ ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು ಅವಳಿಗೆ. “ಹೇಳಿದ್ರೂ ಹೋದ್ಲಲ್ಲ. ನೀ ಫೋನ್ ಮಾಡಿ ಹೇಳಿದ್ರೂ ಹೋದ್ಲಲ್ಲ. ಹಠ ಅವಳದ್ದು, ಯಾರ ಮಾತು ಕೇಳೂದಿಲ್ಲ.” ಆಗ ಬಾಯಿ ಬಿಡಬಹುದಿತ್ತು. ಎದುರಿಗೆ ನಡುಗುವ ಕೈಗಳಿದ್ದವು, ಇವಳಿಗೆ ಈಗ ಆಘಾತವಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಏಪ್ರಿಲ್ ಕೊನೆಗೆ ಅವಳು ಊರಿಗೆ ಹೋದಳು. ಹೋದವಳು ಸುಮ್ಮನಿರುತ್ತಾಳೆಯೇ, ಮನೆಮನೆಗೆ ಹೇಳಿಕೊಂಡು ಬಂದಳು: ಡೊಂಬಿವಲಿಯಿಂದ ನಮ್ಮ ಹುಡುಗಿ ಶುಕ್ರವಾರವೇ ಫೋನ್ ಮಾಡಿ ಎಚ್ಚರಿಸಿದ್ದಳು, ಆಕೆಯೇ ಕೇಳಲಿಲ್ಲ. ಊರೆಲ್ಲ ಈಗ ಸತ್ತವಳನ್ನು ಹಠಮಾರಿ ಎನ್ನುತ್ತದೆ.

ಮೇ ತಿಂಗಳ ಒಂದು ಬೆಳಿಗ್ಗೆ ನಾನು ಬೇಲಾಪುರಕ್ಕೆ ಹೋಗುವ ಬಸ್ಸಿನಲ್ಲಿದ್ದಾಗ ಆಚೆಮನೆಯಾಕೆಯ ಮಗಳ ಫೋನ್ ಬಂತು. “ಅಕ್ಕಾ, ಇಷ್ಟು ದಿನ ನಿಮ್ಮ ಮೇಲೆ ಒಂದು ಬೇಜಾರಿತ್ತು,” ಎಂದಳು. “ಗುರುವಾರ ಹೇಳಿದ್ದನ್ನ ಸ್ವಲ್ಪ ಮೊದ್ಲೇ ಹೇಳಿದ್ರೆ ಆಗ್ತಿತ್ತು ಅಂತ. ನೀವು ಶುಕ್ರವಾರವೇ ಅಮ್ಮಂಗೆ ಹೇಳಿದ್ರಂತೆ. ಅವ್ಳು ನಮಗ್ಯಾರಿಗೂ ಹೇಳ್ಲೇ ಇಲ್ಲ. ನಾನು ಸುಮ್ನೆ ನಿಮ್ಮನ್ನ ಬೈಕಂಡೆ ಮನಸ್ಸಲ್ಲಿ. ತಪ್ಪಾಯ್ತು ಅಕ್ಕಾ.”

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು, ಗದ್ದಲವೇನೂ ಇರಲಿಲ್ಲ. ಅವಳು ಕಾಯುತ್ತಿದ್ದಳು.

“ಇರ್ಲಿ ಬಿಡು,” ಎಂದೆ. “ನಾನೇನೂ ಮನಸ್ಸಿಗೆ ಹಚ್ಕೊಂಡಿಲ್ಲ.”