ಗುಂಡವ್ವ ಅಳೆದ ಎರಡು ಬಾವಿ

ಇಂಡಿ ತಾಲ್ಲೂಕಿನ ಅಂಚಿನಲ್ಲಿ ನಮ್ಮ ಊರು. ಹಳ್ಳ ದಾಟಿದರೆ ಮಹಾರಾಷ್ಟ್ರ. ಹಳ್ಳದ ಈಚೆ ನಮ್ಮ ಬಾವಿ, ಆಚೆಯ ವಸ್ತಿಯಲ್ಲಿ ಅವರ ಬಾವಿ. ಎರಡಕ್ಕೂ ಸೆಲೆ ಒಂದೇ. ನಾವು ಮೋಟರು ಹಚ್ಚಿದರೆ ಅವರ ನೀರು ಇಳಿಯುತ್ತಿತ್ತು, ಅವರು ಹಚ್ಚಿದರೆ ನಮ್ಮದು. ನೆಲದಡಿಯ ಬಂಡೆಗೆ ಕರ್ನಾಟಕ ಎಲ್ಲಿ ಮುಗಿಯಿತೆಂದು ಯಾರು ಹೇಳಬೇಕು? ನಮ್ಮ ಕಚೇರಿಯಲ್ಲಿ ಕೇಳಿದರೆ ಆಚೆಯ ಬಾವಿ ನಮ್ಮ ವ್ಯಾಪ್ತಿಯದಲ್ಲ ಎಂದರು. ಅವರ ಕಚೇರಿಯಲ್ಲೂ ಅದೇ ಉತ್ತರ, ಮರಾಠಿಯಲ್ಲಿ.

ಕಡೆಗೆ ಎರಡೂ ಕಡೆಯ ಹಿರಿಯರು ಮಾಳಿಂಗರಾಯನ ಗುಡಿಯಲ್ಲಿ ಕೂತು, ದೇವರ ಅರಿಶಿನದ ಭಂಡಾರ ಮುಟ್ಟಿ ಆಣೆ ಮಾಡಿದರು. ಮೋಟರು ಮೂರು ದಿನ ನಮ್ಮದು, ಮೂರು ದಿನ ಅವರದು, ಸೋಮವಾರ ಇಬ್ಬರದೂ ಬಂದ್. ಬೋರು ಯಾರೂ ಕೊರೆಸಕೂಡದು. ಸೋಮವಾರ ಸಂಜೆ ಎರಡೂ ಬಾವಿ ಅಳೆಯಬೇಕು. ಅಳೆಯುವ ಕೆಲಸ ಗುಂಡವ್ವನಿಗೆ ಬಂತು.

ಗುಂಡವ್ವ ಗಂಡನ ಜೊತೆ ಬಾವಿ ತೋಡಿ ಬದುಕಿದವಳು. ಈಚೆಯೂ ಅವಳಿಗೆ ಹೊಲವಿಲ್ಲ, ಆಚೆಯೂ ಇಲ್ಲ. ಅದಕ್ಕೇ ಎರಡೂ ಕಡೆಯವರು ಅವಳನ್ನು ನಂಬಿದರು. ಎರಡು ತೋಳು ಚಾಚಿದ ಮಾರಿಗೊಂದು ಗಂಟು ಹಾಕಿದ ಹಗ್ಗ, ತುದಿಗೆ ಒಂದು ಕಲ್ಲು, ಇಷ್ಟೇ ಅವಳ ಸಾಮಾನು. ನಮ್ಮ ಬಾವಿಗೆ ಅವಳೇ ಹಗ್ಗ ಬಿಡುತ್ತಿದ್ದಳು. ಆಚೆ ವಸ್ತಿಯವನಾದ ಬಾಬುಲಾಲ ಬಿಡುತ್ತಿದ್ದ, ಅವಳು ಗಂಟು ಎಣಿಸುತ್ತಿದ್ದಳು. ಅವನು ಅವಳಿಗೆ ಅಕ್ಕ ಎನ್ನುತ್ತಿದ್ದ, ಅವಳು ಅವನಿಗೆ ಅಣ್ಣ ಎನ್ನುತ್ತಿದ್ದಳು. ವಯಸ್ಸಿನಲ್ಲಿ ದೊಡ್ಡವರು ಯಾರೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅಲ್ಲಿ ಆರು ಮಾರು ಎಂದರೆ ಇಲ್ಲಿಯೂ ಆರು ಮಾರೇ. ಹನ್ನೊಂದು ವರ್ಷ ಹೀಗೇ ನಡೆಯಿತು. ಒಮ್ಮೆ ಬಂದ ಅಧಿಕಾರಿಯೊಬ್ಬರು, ನೆಲದೊಳಗಿನ ನೀರಿಗೆ ಕೂಡಿ ಕರಾರು ಮಾಡಿಕೊಂಡ ದೇಶಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು, ನೀವು ಒಂದು ಹಗ್ಗದಲ್ಲಿ ಮಾಡಿದ್ದೀರಿ ಎಂದು ಹೊಗಳಿ ಹೋದರು. ನಾವು ಎದೆ ಉಬ್ಬಿಸಿಕೊಂಡು ತಿರುಗಿದೆವು.

ಹೋದ ವರ್ಷ ನಮ್ಮ ಬಾವಿಗೆ ಆಕಳ ಕರು ಬಿತ್ತು. ಪಂಚಾಯಿತಿಯವರು ಸುತ್ತ ಮೂರು ಅಡಿ ಗೋಡೆ ಎತ್ತಲು ಗೌಂಡಿಯನ್ನು ಕಳಿಸಿದರು. ಬಾವಿಯ ಬಾಯಿಗೆ ಒಂದು ಕಲ್ಲಿತ್ತು. ಗಂಗವ್ವನೆಂದು ಹೆಂಗಸರು ಕುಂಕುಮ ಹಚ್ಚುವ ಕಲ್ಲು. ಗುಂಡವ್ವ ಹಗ್ಗವನ್ನು ಅದರ ಅಂಚಿಗೇ ಹಿಡಿದು ಅಳೆಯುತ್ತಿದ್ದಳು. ಗೌಂಡಿ ಅದರ ಮೇಲೆಯೇ ಇಟ್ಟಿಗೆ ಇಡಲು ಹೋದಾಗ ಗುಂಡವ್ವ ಅಡ್ಡ ನಿಂತಳು.

“ಪೂಜಿ ಮಾಡೂ ಕಲ್ಲಪ್ಪ, ಸಿಮೆಂಟಿನ್ಯಾಗ ಹುಗೀಬ್ಯಾಡ. ತಗದು ಮ್ಯಾಲ ಕುಂಡರಸು.”

ಗೌಂಡಿ ಕೈಮುಗಿದು ಕಲ್ಲನ್ನು ಎತ್ತಿ ಹೊಸ ಗೋಡೆಯ ತಲೆಯ ಮೇಲೆ ಕೂರಿಸಿದ. ನಾನೂ ಅಲ್ಲೇ ಇದ್ದೆ. ಮೂವತ್ತು ವರ್ಷ ಸಾಲೆಯಲ್ಲಿ ಗಣಿತ ಕಲಿಸಿದ ಮಾಸ್ತರ ನಾನು, ಒಳ್ಳೆಯ ಕೆಲಸ ಆಯಿತು ಅಂದೆ. ಬೆಂಕಿ ಬೀಳಲಿ ನನ್ನ ಗಣಿತಕ್ಕೆ.

ಮುಂದಿನ ಸೋಮವಾರ ಆಚೆ ಆರು ಮಾರು ಬಂತು, ನಮ್ಮಲ್ಲಿ ಆರೂವರೆ. ಅದರ ಮುಂದಿನ ವಾರವೂ ಅಷ್ಟೇ. ಊರು ಹೊತ್ತಿಕೊಂಡಿತು. ಆಚೆಯವರು ಕಳ್ಳತನದಿಂದ ನೀರು ಎತ್ತುತ್ತಾರೆ, ಎರಡೂ ಕಡೆ ನೀರು ಇಳಿದಿದೆ, ಹಗ್ಗದ ಕಲ್ಲು ನೀರಿಗೆ ತಾಗುವ ಮೊದಲೇ ಬಾಬುಲಾಲ ಬಿಗಿ ಹಿಡಿದು ಅದನ್ನು ಮುಚ್ಚಿಡುತ್ತಾನೆ ಎಂದು ಕೂಗಾಡಿದರು. ಮೊದಲು ಕೂಗಿದವರಲ್ಲಿ ನಾನೂ ಒಬ್ಬ.

“ಬಾಬುಣ್ಣ ಅಂಥಾಂವಲ್ಲರಿ,” ಎಂದಳು ಗುಂಡವ್ವ.

“ಹಂಗಾರ ನಿನ್ನ ಹಗ್ಗ ಸುಳ್ಳೇನು?” ಎಂದು ಕೇಳಿದ ಊರ ಹಿರಿಯ ಶಂಕ್ರೆಪ್ಪ.

ಅವಳು ಗಂಟುಗಳನ್ನು ಮತ್ತೊಮ್ಮೆ ಮಾರು ಹಾಕಿ ನೋಡಿದಳು. ಹಗ್ಗ ಸುಳ್ಳಿರಲಿಲ್ಲ.

ಆಚೆಯೂ ಸಭೆ ಸೇರಿತು. ಅಲ್ಲಿ ಬಾಬುಲಾಲ ತಪ್ಪೊಪ್ಪಿಕೊಂಡನೆಂದು ಸುದ್ದಿ ಬಂದದ್ದೇ ತಡ, ಶಂಕ್ರೆಪ್ಪ ಬೋರಿನ ಗಾಡಿ ತರಿಸಿದ. ಐದು ದಿನಕ್ಕೆ ಆಚೆಯೂ ಗಾಡಿ ಬಂತು. ನಾವು ಆರುನೂರು ಅಡಿ ಇಳಿದರೆ ಅವರು ಎಂಟುನೂರು. ಮೂರು ತಿಂಗಳಲ್ಲಿ ಈಚೆ ಒಂಬತ್ತು ಬೋರು, ಆಚೆ ಹನ್ನೆರಡು. ಬೋರಿದ್ದವರು ಕಬ್ಬು ಹಚ್ಚಿದರು. ಇಲ್ಲದವರಿಗೆ ಕುಡಿಯಲು ಇದ್ದದ್ದು ಆ ಎರಡು ಬಾವಿ, ಅವುಗಳ ನೀರು ದಿನದಿನಕ್ಕೆ ಇಳಿದು ತಳ ಸೇರಿತು. ಗುಂಡವ್ವನನ್ನು ಅಳೆ ಎನ್ನುವವರು ಯಾರೂ ಇರಲಿಲ್ಲ. ಆದರೂ ಅವಳು ಸೋಮವಾರ ಬಾವಿಗೆ ಹೋಗುತ್ತಿದ್ದಳು.

ಅಂಥ ಒಂದು ಸೋಮವಾರ ಅವಳು ಓಡುತ್ತ ನನ್ನ ಮನೆಗೆ ಬಂದಳು.

“ಮಾಸ್ತರ, ಗಂಗವ್ವಗ ಹಣಿ ಮುಟ್ಟಸಬೇಕಂದ್ರ ಮೊದಲ ಮೊಣಕಾಲ ಊರತಿದ್ನಿ. ಈಗ ನಿಂತಲ್ಲೇ ಬಗ್ಗಿದ್ರ ಹಣಿ ತಾಗತೈತ್ರಿ. ಕಲ್ಲು ಮ್ಯಾಲ ಬಂದೈತಿ. ನಾನ ಎತ್ತಿಸೇನಿ. ಅವತ್ತ ನೀರು ಇಳದಿರಲಿಲ್ಲರಿ, ಕಲ್ಲು ಏರಿತ್ತು!”

ಗೋಡೆಯ ಮೂರು ಅಡಿ ಎಂದರೆ ಅರ್ಧ ಮಾರು, ಹೆಚ್ಚು ಬಂದ ಅರ್ಧ ಮಾರು ಅದೇ. ಮೂರನೇ ಇಯತ್ತೆಯ ಮಕ್ಕಳೂ ಮಾಡುವ ಲೆಕ್ಕ.

ಇಬ್ಬರೂ ಶಂಕ್ರೆಪ್ಪನ ಹೊಲಕ್ಕೆ ಹೋದೆವು. ಅವನು ಕಬ್ಬಿಗೆ ನೀರು ಬಿಡುತ್ತಿದ್ದ. ಪೂರ್ತಿ ಕೇಳಿಸಿಕೊಂಡು ಕೈ ತೊಳೆದುಕೊಂಡ.

“ಆಗಿದ್ದು ಆಗಿಹೋತ್ರಿ ಮಾಸ್ತರ. ಈಗ ಇದನ್ನ ಎತ್ತಿದ್ರ ಬೋರು ಮುಚ್ಚಂತಾರ. ಮುಚ್ಚಾವ್ರು ಯಾರು, ನೀವೇನು? ಗುಂಡವ್ವ, ಬಾಯಿ ಮುಚಗೊಂಡು ಮನಿಗಿ ನಡಿ.”

ಗುಂಡವ್ವ ಮನೆಗೆ ಹೋಗಲಿಲ್ಲ. ನೇರ ಹಳ್ಳದ ಕಡೆ ನಡೆದಳು. ನಾನು ನಾಚಿಕೆಯಿಂದ ಹಿಂದೆ ಹೋದೆ.

ಬಾಬುಲಾಲ ಮನೆಯ ಮುಂದೆ ಒಬ್ಬನೇ ಕೂತಿದ್ದ. ಆಣೆ ಮುರಿದವನೆಂದು ವಸ್ತಿಯವರು ಅವನ ಮನೆಯ ಮದುವೆಗೂ ಬಂದಿರಲಿಲ್ಲ. ಗುಂಡವ್ವ ಅವನ ಕಾಲು ಹಿಡಿಯಲು ಹೋದಳು, ಅವನು ಹಿಂದೆ ಸರಿದ. ಅವಳು ಅಳುತ್ತ ಎಲ್ಲವನ್ನೂ ಹೇಳಿದಳು. ಕಲ್ಲು ತಾನೇ ಎತ್ತಿಸಿದ್ದನ್ನೂ ಹೇಳಿದಳು.

“ನೀ ತಪ್ಪು ಮಾಡಿರಲಿಲ್ಲಣ್ಣ, ಯಾಕ ಒಪ್ಪಕೊಂಡಿ?”

ಬಾಬುಲಾಲ ತನ್ನ ಅಂಗೈ ಚಾಚಿ ತೋರಿಸಿದ.

“ನನ್ನ ಕೈ ಈಚೀಚಿಗೆ ಜೋಮು ಹಿಡಿತಾವ ಅಕ್ಕ. ಗುಂಡಕ್ಕನ ಎಣಿಕಿ ಹನ್ನೊಂದು ವರ್ಷ ತಪ್ಪಿಲ್ಲ, ತಪ್ಪಿದ್ರ ನನ್ನ ಕೈನ ತಪ್ಪಿರಬೇಕು ಅಂತ ತಿಳದೆ. ಕಲ್ಲು ನೀರು ಮುಟ್ಟಿತ್ತೋ ಇಲ್ಲೋ ನನಗ ಗೊತ್ತಾಗಲಿಲ್ಲ ಅಂತ ಮಂದಿ ಮುಂದ ಹೇಳಿದೆ.”

ಅವಳ ಅಳು ನಿಂತುಹೋಯಿತು. ಅವಳ ಮೇಲಿಟ್ಟ ನಂಬಿಕೆಯಿಂದಲೇ ಅವನು ತನ್ನ ಮಾತಿನ ಬೆಲೆ ಕಳೆದುಕೊಂಡಿದ್ದ, ಎರಡು ಊರು ನೀರು ಕಳೆದುಕೊಂಡಿದ್ದವು.

“ಈಗ ಎಲ್ಲಾರಿಗೂ ಹೇಳೂಣು ನಡಿಯಣ್ಣ. ಬೋರು ಬಂದ್ ಮಾಡಿದ್ರ ನೀರು ಮ್ಯಾಲ ಬಂದೀತು.”

ಬಾಬುಲಾಲ ಎದ್ದು ಬಂದ. ವಸ್ತಿಯ ಏಳು ಮನೆಯ ಬಾಗಿಲಿಗೆ ನಿಂತು ಗುಂಡವ್ವ ತನ್ನ ತಪ್ಪು ಹೇಳಿದಳು. ಏಳು ಮನೆಯವರೂ ಕೇಳಿದರು. ಒಬ್ಬರೂ ಅವಳನ್ನು ಬೈಯಲಿಲ್ಲ, ಒಬ್ಬರೂ ಬೋರಿನ ಮೋಟರು ನಿಲ್ಲಿಸಲಿಲ್ಲ.